ಎಸಿ ಪ್ರೆಶರ್ 60 ಇರಬೇಕಾ, 120 ಇರಬೇಕಾ? ಗೇಜ್ ಹಾಕುವ ಮೊದಲು ಏನು ನೋಡಬೇಕು?

ಪ್ರಶ್ನೆ (ಮಂಡ್ಯ, ಕೆಲಸ ಕಲಿಯುತ್ತಿರುವ ಹುಡುಗ):
ಅಣ್ಣ, ನಮಸ್ಕಾರ. ಐಟಿಐ ಮುಗಿಸಿ ಮೂರು ತಿಂಗಳಿಂದ ಒಬ್ಬರ ಜೊತೆ ಎಸಿ ಸರ್ವಿಸ್‌ಗೆ ಹೋಗುತ್ತಿದ್ದೇನೆ. ಅವರು ಯಾವ ಎಸಿ ಆದರೂ "60 ಬರೋವರೆಗೂ ಗ್ಯಾಸ್ ಹಾಕು" ಅಂತಾರೆ. ನಿನ್ನೆ ಆರ್-32 ಗ್ಯಾಸ್ ಇರುವ ಒಂದು ಇನ್ವರ್ಟರ್ ಎಸಿಗೆ ಗೇಜ್ ಹಾಕಿದೆ. ಮೊದಲು 120 ತೋರಿಸಿತು. ರೂಮ್ ತಣ್ಣಗಾದ ಮೇಲೆ 150 ಆಯಿತು. ಗ್ಯಾಸ್ ಜಾಸ್ತಿ ಇದೆಯಾ? ಬಿಡಬೇಕಾ?

ಉತ್ತರ (ಮೈಸೂರು, ಎಸಿ ಮೆಕ್ಯಾನಿಕ್):
ಬಿಡಬೇಡ ತಮ್ಮಾ. ಆ ಎಸಿಯಲ್ಲಿ ತಪ್ಪೇನೂ ಕಾಣುತ್ತಿಲ್ಲ.

60 ಅನ್ನುವುದು ಆರ್-22 ಕಾಲದ ಲೆಕ್ಕ. ಆಗ ಹೆಚ್ಚುಕಮ್ಮಿ ಎಲ್ಲ ಮನೆಗಳಲ್ಲೂ ಅದೇ ಗ್ಯಾಸ್ ಇತ್ತು, ಮಾತು ನಡೆಯುತ್ತಿತ್ತು. ಈಗ ಆರ್-410ಎ, ಆರ್-32, ಕೆಲವು ಕಡೆ ಆರ್-290 ಕೂಡ ಬರುತ್ತದೆ. ಹಾಗಾಗಿ ಮೊದಲು ಔಟ್‌ಡೋರ್ ಮೇಲಿನ ಪ್ಲೇಟ್ ಓದು. ಯಾವ ಗ್ಯಾಸ್, ಎಷ್ಟು ಗ್ರಾಂ, ಎಷ್ಟು ಆಂಪ್ಸ್, ಎಲ್ಲ ಅಲ್ಲೇ ಬರೆದಿರುತ್ತದೆ.

ಗೇಜ್ ಪ್ರೆಶರ್ ತೋರಿಸುತ್ತದೆ ನಿಜ, ಆದರೆ ನೀನು ಅದರಲ್ಲಿ ಓದಬೇಕಾದ್ದು ಉಷ್ಣಾಂಶ. ಇಂಡೋರ್ ಕಾಯಿಲ್ ಒಳಗೆ ಗ್ಯಾಸ್ 5ರಿಂದ 10 ಡಿಗ್ರಿಯಲ್ಲಿ ಕುದಿಯುತ್ತಿದೆ ಅಂದುಕೋ. ಆಗ ಸಕ್ಷನ್ ಕಡೆ, ಅಂದರೆ ಗ್ಯಾಸ್ ಕಂಪ್ರೆಸರ್‌ಗೆ ವಾಪಸ್ ಬರುವ ಕಡೆ, ಆರ್-22 ಸುಮಾರು 70ರಿಂದ 84 ಪಿಎಸ್‌ಐ (ಗೇಜ್‌ನ ಒತ್ತಡದ ಅಳತೆ) ತೋರಿಸುತ್ತದೆ. ಆರ್-410ಎ 121ರಿಂದ 143. ಆರ್-32 123ರಿಂದ 146. ಅದೇ ಆರ್-32 ಎಸಿಯಲ್ಲಿ 60 ಕಂಡರೆ ಒಳಗೆ ಸೊನ್ನೆಗಿಂತ 13 ಡಿಗ್ರಿ ಕೆಳಗೆ ಇಳಿದಿದೆ ಅಂತ ಅರ್ಥ. ಕಾಯಿಲ್ ಮೇಲೆ ಐಸ್ ಕಟ್ಟಿಬಿಡುತ್ತದೆ. ಈ ಲೆಕ್ಕದ ಚಾರ್ಟ್ ಮೊಬೈಲ್‌ನಲ್ಲಿ ಇಟ್ಟುಕೋ. ಎಷ್ಟೋ ಗೇಜ್‌ಗಳ ಒಳವೃತ್ತದಲ್ಲೇ ಡಿಗ್ರಿ ಬರೆದಿರುತ್ತದೆ, ನಾವು ಅದನ್ನು ನೋಡುವುದೇ ಇಲ್ಲ.

ನಿನ್ನ 150ರ ವಿಷಯ. ರೂಮ್ ತಣ್ಣಗಾದಾಗ ಇನ್ವರ್ಟರ್ ಕಂಪ್ರೆಸರ್ ನಿಧಾನ ಆಗುತ್ತದೆ. ಎಳೆಯುವುದು ಕಡಿಮೆ ಆದರೆ ಸಕ್ಷನ್ ಪ್ರೆಶರ್ ಏರುತ್ತದೆ. ಅದಕ್ಕೇ ಇನ್ವರ್ಟರ್ ಎಸಿಯನ್ನು ಅದರ ಟೆಸ್ಟ್ ಮೋಡ್‌ನಲ್ಲಿ ಓಡಿಸಿ ನೋಡಬೇಕು. ಅದು ಗೊತ್ತಿಲ್ಲದಿದ್ದರೆ 16 ಡಿಗ್ರಿಗೆ ಇಟ್ಟು, ಫ್ಯಾನ್ ಫುಲ್ ಮಾಡಿ, ರೂಮ್ ಇನ್ನೂ ಬೆಚ್ಚಗಿರುವಾಗಲೇ ನೋಡು. ಆಗಲೂ ಪ್ರೆಶರ್ ಒಂದನ್ನೇ ನಂಬಿ ಗ್ಯಾಸ್ ಹಾಕಬೇಡ. ಪ್ಲೇಟ್‌ನಲ್ಲಿ ಇರುವಷ್ಟು ಗ್ರಾಂ ತೂಕ ಮಾಡಿ ಹಾಕುವುದೇ ಸರಿ. ಪೈಪ್ ಉದ್ದ ಜಾಸ್ತಿ ಇದ್ದರೆ ಎಷ್ಟು ಸೇರಿಸಬೇಕು ಅಂತ ಕಂಪನಿಯ ಪುಸ್ತಕ ಹೇಳುತ್ತದೆ.

ಇನ್ನೊಂದು ಮಾತು, ಇದು ನನಗೆ ತುಂಬಾ ಮುಖ್ಯ. ಗೇಜ್ ಕೊನೆಗೆ ಹಾಕು. ಮೊದಲು ಫಿಲ್ಟರ್ ತೆಗೆದು ನೋಡು. ಬ್ಲೋವರ್ ನೋಡು. ಔಟ್‌ಡೋರ್ ಹಿಂದೆ ಬಗ್ಗಿ ನೋಡು. ನಿಮ್ಮ ಕಡೆ ಆಲೆಮನೆ ಹತ್ತಿರದ ಮನೆಗಳಲ್ಲಿ ಬೂದಿ ಬಂದು ಕಾಯಿಲ್ ಮುಚ್ಚಿರುತ್ತದೆ. ಆಮೇಲೆ ಒಳಗೆ ಹೋಗುವ ಗಾಳಿ, ಹೊರಗೆ ಬರುವ ಗಾಳಿ ಎರಡಕ್ಕೂ ಥರ್ಮಾಮೀಟರ್ ಹಿಡಿ. ಸಾಮಾನ್ಯವಾಗಿ 8ರಿಂದ 12 ಡಿಗ್ರಿ ವ್ಯತ್ಯಾಸ ಇರುತ್ತದೆ. ಕ್ಲಾಂಪ್ ಮೀಟರ್‌ನಲ್ಲಿ ಆಂಪ್ಸ್ ನೋಡು. ಇಷ್ಟೂ ಸರಿ ಇದ್ದರೆ ಗೇಜ್ ಹಾಕುವ ಪಿನ್ ಮುಟ್ಟುವ ಅಗತ್ಯವೇ ಬರುವುದಿಲ್ಲ. ಮುಟ್ಟಿದಾಗಲೆಲ್ಲ ಹೋಸ್‌ನಲ್ಲಿ ಸ್ವಲ್ಪ ಗ್ಯಾಸ್ ಹೋಗುತ್ತದೆ. ಒಟ್ಟು ಇರುವುದೇ ಕೆಲವು ನೂರು ಗ್ರಾಂ, ಅಲ್ವಾ?

ಕೆಲಸ ಕಲಿಯುವಾಗ ನಾನೂ ಈ ತಪ್ಪು ಮಾಡಿದ್ದೇನೆ. ಸಕ್ಷನ್ ಕಡಿಮೆ ಇದೆ ಅಂತ ಗ್ಯಾಸ್ ಹಾಕಿ ಬಂದೆ. ನಿಜವಾಗಿ ಫಿಲ್ಟರ್ ಕಟ್ಟಿಕೊಂಡಿತ್ತು. ಗಾಳಿ ಸಾಲದೆ ಗ್ಯಾಸ್ ಪೂರ್ತಿ ಕುದಿಯದೇ ದ್ರವವಾಗಿಯೇ ಕಂಪ್ರೆಸರ್‌ಗೆ ವಾಪಸ್ ಹೋಯಿತು. ಮುಂದಿನ ಬೇಸಿಗೆಗೆ ಕಂಪ್ರೆಸರ್ ಕೆಟ್ಟಿತು. ಆ ಮನೆಯವರ ಮುಖ ಈಗಲೂ ನೆನಪಿದೆ. ಐಸ್ ಎಲ್ಲಿ ಕಟ್ಟಿದೆ ಅಂತ ನೋಡಿದ್ದರೆ ಆಗಲೇ ತಿಳಿಯುತ್ತಿತ್ತು. ಗ್ಯಾಸ್ ಕಡಿಮೆ ಇದ್ದರೆ ಸಣ್ಣ ಪೈಪ್ ಹತ್ತಿರ, ಕಾಯಿಲ್‌ನ ಒಂದು ಭಾಗದಲ್ಲಿ ಮೊದಲು ಕಟ್ಟುತ್ತದೆ. ಗಾಳಿ ಕಡಿಮೆ ಇದ್ದರೆ ಐಸ್ ಇಡೀ ಕಾಯಿಲ್ ಮೇಲೆ ಹರಡುತ್ತದೆ.

ಪ್ರಶ್ನೆ (ಮೈಸೂರು, ಕುವೆಂಪುನಗರದ ಗೃಹಿಣಿ):
ಸರ್, ನಮ್ಮ ಮನೆಗೆ ಬರುವವರು ಎಸಿ ಆಫ್ ಇದ್ದಾಗ ಗೇಜ್ ಹಾಕಿ, 250 ಇದೆ, ಗ್ಯಾಸ್ ಫುಲ್ ಅಂತಾರೆ. ಆದರೆ ಪ್ರತಿ ಬೇಸಿಗೆಯಲ್ಲೂ ಗ್ಯಾಸ್ ತುಂಬಿಸಬೇಕು ಅಂತಲೂ ಹೇಳುತ್ತಾರೆ. ಯಾವುದು ನಿಜ?

ಉತ್ತರ:
ಎರಡೂ ಸರಿ ಇಲ್ಲ ಮೇಡಂ. ಅಡುಗೆ ಸಿಲಿಂಡರ್ ನೋಡಿ. ಅರ್ಧ ಖಾಲಿ ಆದರೂ ಒಲೆ ಉರಿ ಕಡಿಮೆ ಆಗುವುದಿಲ್ಲ. ಒಳಗೆ ದ್ರವ ಇರುವವರೆಗೂ ಪ್ರೆಶರ್ ನಿಲ್ಲುವುದು ಹವೆಯ ಬಿಸಿಯ ಮೇಲೆ. ಆರ್-32 ಇದ್ದರೆ 30 ಡಿಗ್ರಿಯಲ್ಲಿ ಸುಮಾರು 265 ತೋರಿಸುತ್ತದೆ, ಗ್ಯಾಸ್ ಅರ್ಧ ಇದ್ದರೂ ಅಷ್ಟೇ. ಅದಕ್ಕಿಂತ ತೀರಾ ಕೆಳಗಿದ್ದರೆ ಗ್ಯಾಸ್ ಹೆಚ್ಚುಕಮ್ಮಿ ಖಾಲಿ ಅಂತ ತಿಳಿಯಬಹುದು, ಅಷ್ಟೇ.

ಎಸಿ ಗ್ಯಾಸ್ ಪೆಟ್ರೋಲ್ ಥರ ಖರ್ಚಾಗುವುದಿಲ್ಲ. ಕಡಿಮೆ ಆಯಿತು ಅಂದರೆ ಲೀಕ್ ಇದೆ. ಸಾಮಾನ್ಯವಾಗಿ ಫ್ಲೇರ್ ನಟ್ (ಪೈಪ್ ಜೋಡಿಸುವ ನಟ್) ಹತ್ತಿರ ಇರುತ್ತದೆ, ಸೋಪು ನೊರೆ ಹಚ್ಚಿದರೆ ಗುಳ್ಳೆ ಬರುತ್ತದೆ. "ಲೀಕ್ ಎಲ್ಲಿದೆ ತೋರಿಸಿ, ಎಷ್ಟು ಗ್ರಾಂ ಹಾಕಿದಿರಿ ಬರೆದುಕೊಡಿ" ಅಂತ ಧೈರ್ಯವಾಗಿ ಕೇಳಿ. ಲೀಕ್ ಮುಚ್ಚದೆ ಸುಮ್ನೆ ಗ್ಯಾಸ್ ಹಾಕಿಸಿದರೆ ಮುಂದಿನ ವರ್ಷ ಮತ್ತೆ ದುಡ್ಡು ಹೋಗುತ್ತದೆ.

ಮತ್ತೆ ಮಂಡ್ಯದ ಹುಡುಗ:
ತುಂಬಾ ಥ್ಯಾಂಕ್ಸ್ ಅಣ್ಣ. ಕೊನೆಯದು ಒಂದು. ವ್ಯಾಕ್ಯೂಮ್ ಮಾಡಿದಾಗ, ಅಂದರೆ ಪಂಪ್‌ನಿಂದ ಪೈಪ್ ಒಳಗಿನ ಗಾಳಿ ಎಳೆದಾಗ, ಗೇಜ್ ಮುಳ್ಳು 30 ಇಂಚಿಗೆ ಬರಬೇಕು ಅಂತ ಓದಿದ್ದೆ. ನಮ್ಮದು 27 ದಾಟಿದ ಮೇಲೆ ಮುಂದೆ ಹೋಗಲೇ ಇಲ್ಲ. ಪಂಪ್ ಕೆಟ್ಟಿದೆಯಾ? ನೈಟ್ರೋಜನ್ ಇಲ್ಲದ ದಿನ ಆಕ್ಸಿಜನ್ ಹಾಕಿ ಲೀಕ್ ನೋಡೋಣ ಅಂತಾರೆ, ನೋಡಬಹುದಾ?

ಉತ್ತರ:
ಪಂಪ್ ಸರಿಯಾಗಿರಬಹುದು. 30 ಅನ್ನುವುದು ಸಮುದ್ರಮಟ್ಟದ ಲೆಕ್ಕ. ಮೈಸೂರು ಸುಮಾರು 770 ಮೀಟರ್ ಎತ್ತರದಲ್ಲಿದೆ, ಇಲ್ಲಿ ಹೊರಗಿನ ಗಾಳಿಯ ಒತ್ತಡವೇ ಪಾದರಸದ ಲೆಕ್ಕದಲ್ಲಿ 27 ಇಂಚು ಚಿಲ್ಲರೆ. ಮಂಡ್ಯ ಸ್ವಲ್ಪ ತಗ್ಗು, ಆದರೂ ಅಲ್ಲೇ ಹತ್ತಿರ. ಮುಳ್ಳು ಅದಕ್ಕಿಂತ ಮುಂದೆ ಹೋಗಲು ಸಾಧ್ಯವಿಲ್ಲ. ಗೇಜ್‌ನ ಮುಳ್ಳು ನಂಬುವ ಬದಲು, ಒಳಗೆ ಉಳಿದ ಸಣ್ಣ ಒತ್ತಡವನ್ನೂ ತೋರಿಸುವ ಮೈಕ್ರಾನ್ ಮೀಟರ್ ತಗೋ. 500 ಮೈಕ್ರಾನ್‌ಗಿಂತ ಕೆಳಗೆ ಇಳಿಸಿ, ಪಂಪ್ ಮುಚ್ಚಿ, ಏರುತ್ತದಾ ಅಂತ ಕಾದು ನೋಡು.

ಆಕ್ಸಿಜನ್ ಮಾತ್ರ ಬೇಡವೇ ಬೇಡ ತಮ್ಮಾ. ಕಂಪ್ರೆಸರ್ ಒಳಗೆ ಎಣ್ಣೆ ಇದೆ. ಒತ್ತಡದ ಆಕ್ಸಿಜನ್ ಎಣ್ಣೆಗೆ ತಾಗಿದರೆ ಸಿಡಿಯುತ್ತದೆ. ಜೀವ ಹೋಗುತ್ತದೆ. ನೈಟ್ರೋಜನ್ ಇಲ್ಲದಿದ್ದರೆ ಗ್ರಾಹಕರಿಗೆ ನಾಳೆ ಬರುತ್ತೇವೆ ಅಂತ ಹೇಳು. ನಿಮ್ಮವರು ಬೈದರೂ ಆ ಸಿಲಿಂಡರ್ ಮುಟ್ಟಬೇಡ.