ಹಳೇ ಮನೆ ರಿಪೇರಿ: ಕೊಟೇಶನ್ ಮೇಲೆ ಇನ್ನೆಷ್ಟು ಎತ್ತಿಡಬೇಕು?

ಪ್ರಶ್ನೆ: ಎಲ್ಲರಿಗೂ ನಮಸ್ಕಾರ. ಮೈಸೂರಿನಲ್ಲಿ ಅಪ್ಪ 1986ರಲ್ಲಿ ಕಟ್ಟಿಸಿದ ಮನೆ. 12 ಚದರ, ನೆಲಮಹಡಿ ಮಾತ್ರ, ಆರ್‌ಸಿಸಿ ಮೋಲ್ಡು (ಕಾಂಕ್ರೀಟ್ ಛಾವಣಿ), ಒಳಗೆಲ್ಲ ರೆಡ್ ಆಕ್ಸೈಡ್ ನೆಲ. ಈಗ ರಿಪೇರಿ ಮಾಡಿಸಬೇಕು ಅಂತಿದ್ದೀವಿ. ಕಾಂಟ್ರಾಕ್ಟರ್ ಕೊಟ್ಟಿರೋ ಲೆಕ್ಕ ಹೀಗಿದೆ: ಎರಡು ಬಾತ್‌ರೂಮ್ 3.20 ಲಕ್ಷ, ಅಡುಗೆಮನೆ 3.50, ಹೊಸ ವೈರಿಂಗ್ 1.90, ನೆಲದ ಟೈಲ್ಸ್ 2.20, ಪೇಂಟಿಂಗ್ 1.80. ಒಟ್ಟು 12.60 ಲಕ್ಷ. ನಮ್ಮ ಕೈಲಿರೋದು 15 ಲಕ್ಷ, ಅದಕ್ಕಿಂತ ಮೇಲೆ ಹೋಗೋ ಶಕ್ತಿ ಇಲ್ಲ. ಅಚಾನಕ್ ಖರ್ಚಿಗೆ 10% ಇಟ್ಟರೆ ಸಾಕು ಅಂತ ಎಲ್ಲರೂ ಹೇಳ್ತಾರೆ. ನಮ್ಮ ಹತ್ತಿರ 2.40 ಲಕ್ಷ ಉಳಿಯೋದರಿಂದ ಧೈರ್ಯವಾಗಿ ಶುರು ಮಾಡಬಹುದಾ?

ಉತ್ತರ (ಸಿವಿಲ್ ಎಂಜಿನಿಯರ್): ಮೊದಲು ಕೊಟೇಶನ್ನಿನ ಕೊನೇ ಸಾಲು ನೋಡಿ. ಸಣ್ಣಕ್ಷರದಲ್ಲಿ ‘ಜಿಎಸ್‌ಟಿ ಪ್ರತ್ಯೇಕ’ ಅಂತ ಬರೆದಿದ್ದಾರಾ?

ಪ್ರಶ್ನೆ ಕೇಳಿದವರು: ಹೌದು ಸರ್, ಇದೆ. ಅದೇನು ದೊಡ್ಡದಲ್ಲ ಅಂದ್ರು.

ಸಿವಿಲ್ ಎಂಜಿನಿಯರ್: ಸಾಮಾನು-ಕೂಲಿ ಎರಡೂ ಸೇರಿದ ಗುತ್ತಿಗೆಗೆ 18%. 12.60 ಲಕ್ಷಕ್ಕೆ 2,26,800 ರೂಪಾಯಿ ಆಯ್ತು. ನಿಮ್ಮ 2.40 ಲಕ್ಷದಲ್ಲಿ ಇನ್ನು ಉಳಿದದ್ದು 13,200. ಒಂದು ಇಟ್ಟಿಗೆ ಅಲುಗೋ ಮೊದಲೇ ಎತ್ತಿಟ್ಟ ದುಡ್ಡು ಖಾಲಿ. ಇದನ್ನ ಅನಿರೀಕ್ಷಿತ ಖರ್ಚು ಅಂತ ಕರೆಯೋಕಾಗಲ್ಲ, ಓದದೆ ಬಿಟ್ಟ ಖರ್ಚು ಅಷ್ಟೆ. ಒಂದು ಮಾತು: ಅವರು ಜಿಎಸ್‌ಟಿ ನೋಂದಣಿ ಮಾಡಿಸಿದ್ದಾರಾ ಅಂತ ಕೇಳಿ, ನಂಬರ್ ತಗೊಳ್ಳಿ. ನೋಂದಣಿ ಇಲ್ಲದ ಮೇಸ್ತ್ರಿ ನಿಮ್ಮಿಂದ ಆ ತೆರಿಗೆ ವಸೂಲಿ ಮಾಡೋ ಹಾಗೇ ಇಲ್ಲ.

ಇನ್ನು ನಿಮ್ಮ 10% ವಿಷಯ. ಇಡೀ ಮೊತ್ತದ ಮೇಲೆ ಒಂದೇ ಶೇಕಡಾ ಹಾಕೋದು ನನಗೆ ಒಪ್ಪಿಗೆಯಿಲ್ಲ. ಪೇಂಟಿಂಗ್‌ನಲ್ಲಿ ಏನು ಅಚಾನಕ್ ಬರುತ್ತೆ? ಸ್ವಲ್ಪ ಪುಟ್ಟಿ ಜಾಸ್ತಿ ಹೋಗಬಹುದು. ಬಾತ್‌ರೂಮ್ ಹಾಗಲ್ಲ, ಅಲ್ಲಿ ಎಲ್ಲವೂ ನೆಲದ ಅಡಿಯಲ್ಲೇ ಇರೋದು. ನಾನಾದರೆ ಬಾತ್‌ರೂಮಿಗೆ 25%, ವೈರಿಂಗ್‌ಗೆ 15, ಅಡುಗೆಮನೆಗೂ ನೆಲಕ್ಕೂ 10, ಪೇಂಟಿಗೆ 5 ಇಡ್ತೀನಿ. ನಿಮ್ಮ ಲೆಕ್ಕಕ್ಕೆ 80,000 + 28,500 + 35,000 + 22,000 + 9,000, ಅಂದರೆ 1,74,500. ಇದರಲ್ಲಿ ಮೋಲ್ಡು ಸೇರಿಲ್ಲ. ನಿಮ್ಮ ಕೊಟೇಶನ್ನಲ್ಲೂ ಅದರ ಸುದ್ದಿಯೇ ಇಲ್ಲ, ಮನೆಗೋ ಹತ್ತಿರ ಹತ್ತಿರ ನಲವತ್ತು ವರ್ಷ!

ಪ್ರಶ್ನೆ ಕೇಳಿದವರು: ಹಾಗಾದ್ರೆ 15 ಲಕ್ಷದಲ್ಲಿ ಆಗೋದೇ ಇಲ್ವಾ?

ಸಿವಿಲ್ ಎಂಜಿನಿಯರ್: ಆಗುತ್ತೆ, ರೆಡ್ ಆಕ್ಸೈಡ್ ಮೇಲೆ ಟೈಲ್ಸ್ ಹಾಕೋದನ್ನ ಬಿಟ್ಟರೆ. ಬಿರುಕು ಕಡಿಮೆ ಇದ್ದರೆ ಆ ನೆಲ ಉಜ್ಜಿ ಪಾಲಿಶ್ ಮಾಡಿಸಿದರೆ ಇನ್ನೂ ಎಷ್ಟೋ ವರ್ಷ ಬರುತ್ತೆ. ಅದನ್ನ ಮುಚ್ಚಿಬಿಡೋದು ನೋಡಿದ್ರೆ ನನಗೆ ಸಂಕಟ ಆಗುತ್ತೆ, ಅದು ಬೇರೆ ಮಾತು. ದುಡ್ಡಿನ ದೃಷ್ಟಿಯಿಂದ್ಲೇ ಹೇಳ್ತೀನಿ. ಹಳೇ ನೆಲದ ಮೇಲೆ ಅಂಟು ಹಾಕಿ ಟೈಲ್ ಕೂರಿಸಿದ್ರೆ ಮಟ್ಟ ಅರ್ಧ ಇಂಚಿಗಿಂತ ಮೇಲೇಳುತ್ತೆ, ಗಾರೆ ಮೇಲಾದ್ರೆ ಇನ್ನೂ ಜಾಸ್ತಿ. ಆಗ ಎಲ್ಲ ಬಾಗಿಲೂ ಅಡಿ ಕೊಯ್ಯಬೇಕು. ಬಾತ್‌ರೂಮಿಗೂ ಹಾಲ್‌ಗೂ ಇದ್ದ ಮಟ್ಟದ ವ್ಯತ್ಯಾಸ ಹೋಗಿ ನೀರು ಹೊರಗೆ ಹರಿಯೋಕೆ ಶುರು ಆಗುತ್ತೆ, ಹೊಸ್ತಿಲು ಕಿತ್ತು ಕೂರಿಸಬೇಕು. ಇದ್ಯಾವುದೂ ಟೈಲ್ಸ್‌ನ ಚದರಡಿ ರೇಟಿನಲ್ಲಿ ಬರೋದಿಲ್ಲ.

ನೆಲ ಬಿಟ್ಟರೆ ಗುತ್ತಿಗೆ 10.40 ಲಕ್ಷ, ತೆರಿಗೆ ಸೇರಿ 12,27,200. ಕೈಲಿ 2,72,800 ಉಳಿಯುತ್ತೆ. ಮೀಸಲು 1,52,500ಕ್ಕೆ ಇಳಿಯುತ್ತೆ. ಹೆಚ್ಚುವರಿ ಕೆಲಸಕ್ಕೂ ತೆರಿಗೆ ಬೀಳೋದರಿಂದ 1.80 ಲಕ್ಷ ಅಂತಿಟ್ಕೊಳ್ಳಿ. ಇನ್ನೂ ತೊಂಬತ್ತು ಸಾವಿರದ ಚಿಲ್ಲರೆ ಮೋಲ್ಡಿಗೆ, ನೆಲದ ಪಾಲಿಶ್‌ಗೆ ಸಿಗುತ್ತೆ.

ಆದರೆ ಸಹಿ ಹಾಕೋ ಮುಂಚೆ ನಾಲ್ಕು ಕಡೆ ಒಡೆಸಿ ನೋಡಿ. ಒಬ್ಬ ಗಾರೆಯವರು, ಒಬ್ಬ ಪ್ಲಂಬರ್, ಒಂದು ದಿನದ ಕೂಲಿ. ಬಾತ್‌ರೂಮ್ ಮೂಲೆಯಲ್ಲಿ ನಹನಿ ಟ್ರ್ಯಾಪ್ (ನೆಲದ ನೀರು ಹೋಗೋ ಜಾಲರಿ ಕಿಂಡಿ) ಸುತ್ತ ಒಂದಡಿ ನೆಲ ತೆಗೆಸಿ. ಆ ಕಾಲದಲ್ಲಿ ಹೆಚ್ಚಾಗಿ ಸ್ಟೋನ್‌ವೇರ್ (ಸುಟ್ಟ ಜೇಡಿಮಣ್ಣಿನ) ಪೈಪು ಹಾಕ್ತಿದ್ರು, ಸಿಮೆಂಟ್ ಜಾಯಿಂಟು ಬಿಟ್ಟು ನೀರೆಲ್ಲ ಮಣ್ಣಿಗೆ ಇಳಿದಿರುತ್ತೆ. ಗೋಡೆಯ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪಿನಲ್ಲಿ ಒಂದು ತುಂಡು ಕೊಯ್ಯಿಸಿ ಬೆಳಕಿಗೆ ಹಿಡಿದು ನೋಡಿ. ಹೊರಗೆ ಚೆನ್ನಾಗಿದ್ದರೂ ಒಳಗೆ ತುಕ್ಕು ಕಟ್ಟಿ ಪೆನ್ಸಿಲ್ ತೂರೋಷ್ಟು ಕಿಂಡಿ ಉಳಿದಿರೋದು ಎಷ್ಟೋ ಮನೆಗಳಲ್ಲಿ ನೋಡಿದ್ದೀನಿ. ಎರಡು ಸ್ವಿಚ್ ಬೋರ್ಡ್ ಬಿಚ್ಚಿಸಿ, ಅರ್ತ್ ವೈರ್ ಇದೆಯಾ ನೋಡಿ. ಕೊನೆಗೆ ಮರದ ಕೊಡತಿಯಲ್ಲಿ ಮೋಲ್ಡಿನ ಅಡಿಭಾಗ ತಟ್ಟಿಸಿ, ಅದರಲ್ಲೂ ಮೇಲೆ ನೀರಿನ ಟ್ಯಾಂಕ್ ಇರೋ ಕಡೆ, ಸಜ್ಜಾಗಳ ಕಡೆ. ಗಟ್ಟಿಯಾದ ಕಡೆ ಟಣ್ ಅನ್ನುತ್ತೆ, ಬಿಟ್ಟುಕೊಂಡಿರೋ ಕಡೆ ಡಬಡಬ ಅನ್ನುತ್ತೆ. ಡಬಡಬ ಅಂದ ಜಾಗಕ್ಕೆಲ್ಲ ಸೀಮೆಸುಣ್ಣದಲ್ಲಿ ಗುರುತು ಹಾಕಿ.

ಸದಸ್ಯರೊಬ್ಬರು: ಸರ್, ಈ ‘ಎಕ್ಸ್‌ಟ್ರಾ ಐಟಂ’ ಅನ್ನೋದೇ ಕಾಂಟ್ರಾಕ್ಟರ್‌ಗಳ ಆಟ. ಕೊಟೇಶನ್ ಕಡಿಮೆ ತೋರಿಸಿ ಆಮೇಲೆ ಕೀಳ್ತಾರೆ. ನಾವು ಜಗಳ ಆಡಿ ಆಡಿ ಸುಸ್ತಾದ್ವಿ.

ಸಿವಿಲ್ ಎಂಜಿನಿಯರ್: ಅಂಥವರೂ ಇದ್ದಾರೆ, ಇಲ್ಲ ಅನ್ನಲ್ಲ. ಆದರೆ ನೆಲದಡಿ ಪೈಪು ಒಡೆದಿದ್ದರೆ ಅದು ಅವರ ತಪ್ಪಲ್ಲ, ಬಿಟ್ಟಿ ಮಾಡಿಕೊಡಿ ಅನ್ನೋದೂ ನ್ಯಾಯವಲ್ಲ. ಜಗಳ ಆಗೋದು ಕೆಲಸ ಮುಗಿದ ಮೇಲೆ ರೇಟ್ ಮಾತಾಡೋದರಿಂದ. ಪ್ಲಾಸ್ಟರ್ ಕಿತ್ತು ಮಾಡೋದಕ್ಕೆ ಚದರಡಿಗೆ ಎಷ್ಟು, ಪೈಪ್ ರನ್ನಿಂಗ್ ಅಡಿಗೆ ಎಷ್ಟು, ಲೈಟ್ ಪಾಯಿಂಟಿಗೆ ಎಷ್ಟು, ಮಣ್ಣು-ಕಲ್ಲು ಟ್ರ್ಯಾಕ್ಟರ್ ಲೋಡಿಗೆ ಎಷ್ಟು, ಇವನ್ನ ಅಗ್ರಿಮೆಂಟಿನಲ್ಲೇ ಬರೆಸಿಬಿಡಿ. ಹೆಚ್ಚುವರಿ ಏನೇ ಬಂದರೂ ಅಳತೆ, ಫೋಟೋ, ಮೊತ್ತ ವಾಟ್ಸಾಪ್‌ನಲ್ಲಿ ಬರಬೇಕು, ನೀವು ‘ಸರಿ’ ಅಂದ ಮೇಲೇ ಕೈ ಹಾಕಬೇಕು.

ಇನ್ನೊಂದು ಕಡೆಯನ್ನೂ ಹೇಳಬೇಕು. ಎಷ್ಟೋ ಮನೆಗಳಲ್ಲಿ ಮೀಸಲು ಹಣ ತಿನ್ನೋದು ಮನೆಯವರೇ. ‘ಹೇಗಿದ್ರೂ ಗೋಡೆ ಒಡೀತಿದ್ದಾರಲ್ಲ, ಒಂದು ಶೋಕೇಸ್ ಮಾಡಿಸಿಬಿಡೋಣ’ ಅಂತ ಶುರುವಾಗುತ್ತೆ. ಆಸೆಗೆ ಬೇರೆ ಲೆಕ್ಕ ಇಡಿ. ಒಡೆಯೋದು, ಪೈಪು, ವೈರಿಂಗ್, ವಾಟರ್‌ಪ್ರೂಫಿಂಗ್ ಪೂರ್ತಿ ಮುಗಿದು, ಬಾತ್‌ರೂಮಿನಲ್ಲಿ ಎರಡು ದಿನ ನೀರು ಕಟ್ಟಿ ನಿಲ್ಲಿಸಿ ನೋಡಿಯಾಗೋವರೆಗೂ ಮೀಸಲಿಗೆ ಯಾರೂ ಕೈ ಹಾಕಬಾರದು.

ದುಬೈನಿಂದ ಒಬ್ಬರು: ನಮ್ಮದೂ ಹಾಸನದಲ್ಲಿ ಇಂಥದೇ ಮನೆ. ಎದುರಿಗೆ ನಿಂತು ನೋಡೋಕಾಗಲ್ಲ. ಏನು ಮಾಡೋದು?

ಸಿವಿಲ್ ಎಂಜಿನಿಯರ್: ಗುತ್ತಿಗೆ ತಗೊಂಡಿರದ ಒಬ್ಬ ಎಂಜಿನಿಯರ್‌ಗೆ ವಿಸಿಟ್‌ಗೆ ಇಷ್ಟು ಅಂತ ಕೊಟ್ಟು ಕಳಿಸಿ, ಆ ಫೀಸನ್ನ ಬಜೆಟ್ಟಿನಲ್ಲೇ ಸೇರಿಸಿ. ಗೋಡೆ, ನೆಲ ಮುಚ್ಚೋ ಮೊದಲು ಟೇಪ್ ಹಿಡಿದು ತೆಗೆದ ಫೋಟೋ ಬರದೆ ಮುಂದಿನ ಕಂತು ಕಳಿಸಬೇಡಿ. ಸಂಬಂಧಿಕರ ಮೇಲೆ ಈ ಜವಾಬ್ದಾರಿ ಹೊರಿಸಬೇಡಿ, ಸಂಬಂಧವೂ ಕೆಡುತ್ತೆ.

ಪ್ರಶ್ನೆ ಕೇಳಿದವರು: ಸರ್, ನೀವು ಹೇಳಿದ ಹಾಗೆ ಒಡೆಸಿ ನೋಡಿದ್ವಿ. ಪೈಪು ನೀವು ಹೇಳಿದ ಹಾಗೇ ಇದೆ. ಬೋರ್ಡುಗಳಲ್ಲಿ ಎರಡೇ ವೈರು, ಅರ್ತ್ ಇಲ್ಲ. ಹಿಂದಿನ ರೂಮಿನಲ್ಲಿ ಟ್ಯಾಂಕಿನ ಕೆಳಗೆ ಹತ್ತಿರ ಹತ್ತಿರ ಎರಡಡಿ ಅಗಲ ಡಬಡಬ ಅಂತು, ತಟ್ಟಿದಾಗ ಪ್ಲಾಸ್ಟರ್ ಬಿದ್ದು ತುಕ್ಕು ಹಿಡಿದ ಕಂಬಿ ಕಾಣ್ತಿದೆ. ಕಾಂಟ್ರಾಕ್ಟರ್ ಅದಕ್ಕೆ 65,000 ಒಟ್ಟಾಗಿ ಕೊಡಿ ಅಂತಿದ್ದಾರೆ.

ಸಿವಿಲ್ ಎಂಜಿನಿಯರ್: ಒಟ್ಟಾಗಿ ಬೇಡ. ಎಷ್ಟು ಅಗಲಕ್ಕೆ ಹರಡಿದೆ ಅಂತ ಅವರಿಗೂ ಗೊತ್ತಿಲ್ಲ, ನಿಮಗೂ ಗೊತ್ತಿಲ್ಲ. ಹಾಗಿದ್ದಾಗ ಒಟ್ಟು ಮೊತ್ತ ಅಂದ್ರೆ ಇಬ್ಬರಲ್ಲಿ ಒಬ್ಬರಿಗೆ ನಷ್ಟ. ಚದರಡಿ ರೇಟಿಗೆ ಒಪ್ಪಿಸಿ, ಗಟ್ಟಿ ಕಾಂಕ್ರೀಟು, ತುಕ್ಕಿಲ್ಲದ ಕಂಬಿ ಸಿಗೋವರೆಗೂ ಚಿಪ್ ಮಾಡಿಸಿ, ಆಮೇಲೆ ಟೇಪ್ ಹಿಡಿಯಿರಿ. ತುಕ್ಕು ಮೂಲ ಕಬ್ಬಿಣಕ್ಕಿಂತ ಎಷ್ಟೋ ಪಟ್ಟು ಜಾಗ ತಿನ್ನುತ್ತೆ, ಅದಕ್ಕೇ ಕಾಂಕ್ರೀಟನ್ನ ಕೆಳಕ್ಕೆ ತಳ್ಳಿದೆ. ಬರೀ ಸಿಮೆಂಟ್ ಮೆತ್ತಿ ಪೇಂಟ್ ಹೊಡೆದರೆ ಮತ್ತೆ ಉದುರುತ್ತೆ. ಕಂಬಿ ಉಜ್ಜಿ, ತುಕ್ಕುನಿರೋಧಕ ಹಚ್ಚಿ, ಪಾಲಿಮರ್ ಗಾರೆಯಲ್ಲಿ ತುಂಬಬೇಕು. ಕಂಬಿ ತೀರಾ ಸವೆದಿದ್ದರೆ ಕೆಲಸ ನಿಲ್ಲಿಸಿ ಸ್ಟ್ರಕ್ಚರಲ್ ಎಂಜಿನಿಯರ್‌ನ ಕರೆಸಿ. ಇದಕ್ಕೆಲ್ಲ ಮೊದಲು ಮೇಲಿನ ಟ್ಯಾಂಕಿನ ಸೋರಿಕೆ ನಿಲ್ಲಬೇಕು.

ಅರ್ತ್ ವಿಷಯ: ವೈರಿಂಗ್ ಹೇಗೂ ಹೊಸದು, ಆದರೆ 1.90 ಲಕ್ಷದಲ್ಲಿ ಅರ್ತ್ ಪಿಟ್ (ಅರ್ತ್ ವೈರ್ ನೆಲಕ್ಕೆ ಇಳಿಸೋ ಗುಂಡಿ), 30 ಮಿಲಿಆಂಪ್ ಆರ್‌ಸಿಸಿಬಿ (ಕರೆಂಟ್ ಸೋರಿದ್ರೆ ತಾನೇ ಆಫ್ ಆಗೋ ಸ್ವಿಚ್) ಸೇರಿದೆಯಾ ಕೇಳಿ. ಗೀಸರ್, ಎಸಿಗೆ 4 ಚದರ ಮಿಮೀ ವೈರು. ಲೋಡ್ ಜಾಸ್ತಿ ಮಾಡಿಸೋದಾದ್ರೆ ವಿದ್ಯುತ್ ಕಂಪನಿಗೆ ಕಟ್ಟೋ ಡಿಪಾಜಿಟ್ ನಿಮ್ಮ ತಲೆ ಮೇಲೇ ಬರುತ್ತೆ.

ಪ್ರಶ್ನೆ ಕೇಳಿದವರು: ಅರ್ತ್ ಪಿಟ್ ಸೇರಿಲ್ಲವಂತೆ. ಕೇಳಿದ್ದಕ್ಕೆ ಈಗ ಸೇರಿಸ್ತೀನಿ ಅಂದ್ರು. ಕೊನೇ ಪ್ರಶ್ನೆ: ಎರಡು ತಿಂಗಳು ಬಾಡಿಗೆ ಮನೆಗೆ ಹೋಗ್ತಿದ್ದೀವಿ, ಅದನ್ನೂ ಮೀಸಲಿನಲ್ಲೇ ನೋಡ್ಕೋಬಹುದಾ?

ಸಿವಿಲ್ ಎಂಜಿನಿಯರ್: ಬೇಡ, ಬಾಡಿಗೆ ಬೇರೆ. ಎರಡು ತಿಂಗಳು ಅಂದಿದ್ದಾರೆ ಅಂದ್ರೆ ಮೂರು ತಿಂಗಳ ಬಾಡಿಗೆ ತೆಗೆದಿಡಿ, ಮನೆ ಓನರ್ ಹತ್ತಿರ ತಿಂಗಳ ಲೆಕ್ಕದಲ್ಲಿ ಮುಂದುವರಿಸೋಕೆ ಮಾತಾಡಿಕೊಳ್ಳಿ. ಗುತ್ತಿಗೆಯ ಕೊನೇ 5% ಮಾತ್ರ ಕಾಂಟ್ರಾಕ್ಟರ್‌ಗೆ ತಕ್ಷಣ ಕೊಡಬೇಡಿ. ಒಂದು ಮಳೆಗಾಲ ಕಳೆದ ಮೇಲೆ ಕೊಡೋದು ಅಂತ ಅಗ್ರಿಮೆಂಟಿನಲ್ಲಿ ಈಗಲೇ ಬರೆಸಿ, ಆಮೇಲೆ ಕೇಳಿದ್ರೆ ಯಾರೂ ಒಪ್ಪಲ್ಲ.