ಕೆಲಸ ಬಿಟ್ಟು ಶಿರಸಿಗೆ ಮರಳಲೇ? ಮರಳಿದವರು ಹೇಳಿ

ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ, ಏಳು ವರ್ಷವಾಯಿತು. ಶಿರಸಿ ಹತ್ತಿರ ಎರಡು ಎಕರೆ ಅಡಿಕೆ ತೋಟವಿದೆ. ಒಬ್ಬನೇ ಮಗ ನಾನು. ಅಪ್ಪನ ಕೈಯಲ್ಲಿ ಈಗ ಆಗುವುದಿಲ್ಲ. ಅಡಿಕೆ ಧಾರಣೆ, ರೋಗ, ಮಗಳ ಶಾಲೆ ಯಾವುದೂ ಖಚಿತವಿಲ್ಲ. ಎಲ್ಲ ಸ್ಪಷ್ಟವಾಗಲಿ ಎಂದು ಮೂರು ವರ್ಷ ಕಾದೆ. ನೀವು ಹೇಗೆ ನಿರ್ಧರಿಸಿದಿರಿ?

ಶಿರಸಿಯಿಂದ:
ನಾನು ಬಂದು ಒಂಬತ್ತು ವರ್ಷ. ಬರುವ ಮೊದಲು ಕಂಪ್ಯೂಟರಿನಲ್ಲಿ ಹತ್ತು ವರ್ಷದ ಆದಾಯದ ಲೆಕ್ಕ ಹಾಕಿದ್ದೆ. ಮೊದಲ ಮಳೆಗಾಲಕ್ಕೇ ಅದು ತೊಳೆದುಹೋಯಿತು. ಕೊಳೆರೋಗ ಬಾರದಿರಲೆಂದು ಒಂದು ಸಲ ಗೊನೆಗಳಿಗೆ ಬೋರ್ಡೋ ದ್ರಾವಣ ಹೊಡೆಸಿದ್ದೆ: 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ. ಎರಡನೆಯ ಸಲಕ್ಕೆ ಮಳೆ ಬಿಟ್ಟು ಹೊಳವಾಗಲೇ ಇಲ್ಲ; ಆದ ದಿನ, ಮರ ಹತ್ತಿ ಔಷಧ ಹೊಡೆಯುವ ಕೊನೆಗೌಡ ಇನ್ನೊಬ್ಬರ ತೋಟದಲ್ಲಿದ್ದ. ಬಿಳಿ ಬೂಷ್ಟು ಹಿಡಿದು ಉದುರಿದ ಹಸಿರು ಕಾಯಿಗಳನ್ನು ಬುಟ್ಟಿಗೆ ತುಂಬುತ್ತಿದ್ದಾಗ ಅಪ್ಪ, "ಮೇಲೆ ಇನ್ನೂ ಇದೆಯಲ್ಲ, ನಾಳೆಗೆ ಅವನಿಗೆ ಹೇಳಿ ಬಾ" ಎಂದರು. ಅಷ್ಟೇ. ನಾನು ರಾತ್ರಿಯಿಡೀ ನಿದ್ರೆ ಮಾಡಿರಲಿಲ್ಲ.

ರಾಜೀನಾಮೆ ಈಗಲೇ ಬೇಡ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸಂಬಳವಿಲ್ಲದ ರಜೆ ಕೇಳಿ ಬಂದು ಇದ್ದು ನೋಡಿ. (ಕೊಯ್ಲಿನ ಕಾಲದಲ್ಲಿ ಬಂದರೆ ಯಾರಿಗಾದರೂ ಊರು ಚೆಂದವೇ.) ಆದರೆ ಹೊಸ ಸಸಿ ಇಡುವುದಿದ್ದರೆ ಈ ಮಳೆಗೇ ಇಡಿಸಿ. ಫಸಲು ಕಾಣಲು ಐದಾರು ವರ್ಷ ಬೇಕು. ನೀವು ಕಾದ ಮೂರು ವರ್ಷದಲ್ಲಿ ಅದು ಅರ್ಧ ದಾರಿಗೆ ಬಂದಿರುತ್ತಿತ್ತು.

ಕಾರವಾರದಿಂದ:
ನಮ್ಮದು ದೋಣಿಯ ಮನೆ. ವರ್ಷದಲ್ಲಿ ಖಚಿತವಾದದ್ದು ಒಂದೇ: ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳಿಗೆ ಮೀನುಗಾರಿಕೆ ನಿಷೇಧ, 61 ದಿನ ಆದಾಯವಿಲ್ಲ. ಉಳಿದ ದಿನಗಳಲ್ಲಿ ಬಲೆಗೆ ಬಂಗಡೆ ಬಿದ್ದರೆ ಬಿತ್ತು. ಮೀನು ಸಿಗುತ್ತದೆಯೇ ಎಂದು ಅಮ್ಮ ಎಂದೂ ಕೇಳಿದವಳಲ್ಲ. ಮೇ ತಿಂಗಳಲ್ಲಿ ಅಕ್ಕಿ ಡಬ್ಬ ತೆರೆದು ನೋಡುತ್ತಿದ್ದಳು. ಒಂದು ವರ್ಷದ ಮನೆಖರ್ಚನ್ನು ಬದಿಗಿಟ್ಟು ಹೊರಡಿ. ಧಾರಣೆಯ ಚಿಂತೆಯನ್ನು ಆಮೇಲೆ ಮಾಡಿದರಾಯಿತು.

ಕುಮಟಾದಿಂದ:
ನಾನು ಬಂದವನು ಎರಡೇ ವರ್ಷಕ್ಕೆ ಬೆಂಗಳೂರಿಗೆ ವಾಪಸಾದೆ. ಊರಿನವರ ಮುಖ ನೋಡಲು ನಾಚಿಕೆಯಾಗಿತ್ತು, ನಿಜ, ಈಗ ಇಲ್ಲ. ತೋಟ ಕೈಕೊಡಲಿಲ್ಲ, ಹೆಂಡತಿಯನ್ನು ಕೇಳದೆ ಬಂದಿದ್ದೆ. ನಿಮ್ಮ ಪ್ರಶ್ನೆಯಲ್ಲಿ ಅಪ್ಪ ಇದ್ದಾರೆ, ಮಗಳಿದ್ದಾಳೆ. ಮಗಳ ಅಮ್ಮ ಏನೆನ್ನುತ್ತಾರೆ?