ಮಗಳಿಗೆ 18 ತುಂಬುತ್ತಿದೆ, ಜೀಪಿನ ಕೀ ಕೈಗಿಡಬಹುದೇ?

ಪೊನ್ನಂಪೇಟೆ_ತೋಟ:
ಬರುವ ತಿಂಗಳು ಮಗಳಿಗೆ 18. ಹೆಮ್ಮೆ ಅಂದರೆ ಹೆಮ್ಮೆ. ಹುಟ್ಟುಹಬ್ಬದ ದಿನವೇ ತೋಟದ ಹಳೇ ಜೀಪಿನ ಕೀ ಕೈಗಿಟ್ಟು, ಗೋಣಿಕೊಪ್ಪದವರೆಗೆ ಅವಳೇ ಓಡಿಸಲಿ ಅಂತ ಆಸೆ. ಗೇಟಿನೊಳಗೆ ಸ್ಟೇರಿಂಗ್ ಹಿಡಿದು ಅಭ್ಯಾಸ ಇದೆ. ರಸ್ತೆಗಿಳಿಸುವ ಮೊದಲು ಏನೇನು ಆಗಬೇಕು?

ಕೆಎ12_ಕಾಕ:
ಹುಟ್ಟುಹಬ್ಬದ ದಿನ ಕೀ ಕೊಡಿ, ರಸ್ತೆ ಕೊಡಬೇಡಿ ಅಣ್ಣಾ. ಕಾರು-ಜೀಪಿನ ಎಲ್‌ಎಲ್ (ಕಲಿಯುವವರ ಲೈಸೆನ್ಸ್) ಸಿಗುವುದೇ 18 ತುಂಬಿದ ಮೇಲೆ. ಸರ್ಕಾರದ ಲೈಸೆನ್ಸ್ ವೆಬ್‌ಸೈಟ್ ಆದ ಸಾರಥಿ ಪೋರ್ಟಲ್‌ನಲ್ಲಿ ಆಧಾರ್ ಮೂಲಕ ಅರ್ಜಿ ಹಾಕಿದರೆ ಪರೀಕ್ಷೆ ಮನೆಯಲ್ಲೇ ಕೂತು ಬರೆಯಬಹುದು. ಆದರೆ ನಮ್ಮ ಕಡೆ ಮಳೆಗಾಲದ ಕರೆಂಟು, ನೆಟ್‌ವರ್ಕ್ ನೆಚ್ಚಿಕೊಂಡು ಕೂರಬೇಡಿ, ಪೇಟೆಯಲ್ಲಿ ಬರೆಸಿ.

ಎಲ್‌ಎಲ್‌ಗೆ 6 ತಿಂಗಳು ಆಯಸ್ಸು. 30 ದಿನ ಕಳೆದ ಮೇಲೆ ಮಡಿಕೇರಿ ಆರ್‌ಟಿಒದಲ್ಲಿ ಓಡಿಸಿ ತೋರಿಸಬೇಕು. ಗಾಡಿಯ ಆರ್‌ಸಿ, ಇನ್ಶೂರೆನ್ಸ್, ಹೊಗೆ ಸರ್ಟಿಫಿಕೇಟ್ ಚಾಲ್ತಿಯಲ್ಲಿರಬೇಕು. ತೋಟದ ಜೀಪುಗಳು ಎಡವುವುದು ಇಲ್ಲೇ. ಪಕ್ಕಾ ಲೈಸೆನ್ಸ್ ಕೈಗೆ ಬರುವವರೆಗೆ ಹಿಂದೆ-ಮುಂದೆ ಕೆಂಪು 'ಎಲ್', ಪಕ್ಕದ ಸೀಟಿನಲ್ಲಿ ಲೈಸೆನ್ಸ್ ಇದ್ದವರು ಕಡ್ಡಾಯ.

ಈ ಒಂದು ತಿಂಗಳೂ ಹುಷಾರು. ಮೋಟಾರು ವಾಹನ ಕಾಯ್ದೆಗೆ 2019ರ ತಿದ್ದುಪಡಿಯಿಂದ ಬಂದ 199ಎ ಕಲಂ ಪ್ರಕಾರ ಅಪ್ರಾಪ್ತರು ಓಡಿಸಿ ಸಿಕ್ಕಿಬಿದ್ದರೆ ಹೊಣೆ ಹೆತ್ತವರದ್ದು ಅಥವಾ ಮಾಲೀಕರದ್ದು: 25,000 ರೂಪಾಯಿ ದಂಡ, 3 ವರ್ಷದವರೆಗೆ ಜೈಲು, ಗಾಡಿಯ ನೋಂದಣಿ 12 ತಿಂಗಳು ರದ್ದು. ಮಗುವಿಗೆ 25 ತುಂಬುವವರೆಗೆ ಲೈಸೆನ್ಸೇ ಇಲ್ಲ. ಸಂತೆಗೆ ಒಂದು ಸುತ್ತು ಅಂತ ಹೊರಟರೆ ಅವಳ ಏಳು ವರ್ಷ ಹೋದ ಹಾಗೆ.

ಸಂಪಾಜೆ_ಘಾಟ್:
ಕಲಿಸುವುದಕ್ಕೆ ಕಾಫಿ ಕಣಕ್ಕಿಂತ ಒಳ್ಳೆ ಜಾಗ ಇಲ್ಲ. ಜೂನ್‌ನಿಂದ ಕೊಯ್ಲು ಶುರುವಾಗುವವರೆಗೆ ಖಾಲಿ ಬಿದ್ದಿರುತ್ತೆ. ಗೋಣಿಚೀಲಕ್ಕೆ ಹೊಟ್ಟು ತುಂಬಿ ಸಾಲಾಗಿಟ್ಟು, ರಿವರ್ಸ್ ಮತ್ತು ಪಾರ್ಕಿಂಗ್ ಅಲ್ಲೇ ಆಗಲಿ. ಪಾಚಿ ಹಿಡಿದಿದ್ದರೆ ಮೊದಲು ತಿಕ್ಕಿಸಿ, ಬ್ರೇಕ್ ಹಾಕಿದರೂ ಜೀಪು ಜಾರುತ್ತೆ. ಕಾರ್ಮಿಕರ ಲೈನ್‌ಮನೆ ಕಡೆಗೆ ಬೇಡ, ಮಕ್ಕಳು ಅಡ್ಡ ಬರುತ್ತಾರೆ.

ನಂತರ ಏರು. ಹ್ಯಾಂಡ್‌ಬ್ರೇಕ್ ಎಳೆದು, ಫಸ್ಟ್ ಗೇರ್ ಹಾಕಿ, ಕ್ಲಚ್ಚನ್ನು ಬಾನೆಟ್ ಕೊಂಚ ಮೇಲೇಳುವವರೆಗೆ ಬಿಡಬೇಕು. ಎಂಜಿನ್ ಶಬ್ದ ತಗ್ಗಿದಾಗ ಆಕ್ಸಿಲರೇಟರ್ ಕೊಟ್ಟು ಹ್ಯಾಂಡ್‌ಬ್ರೇಕ್ ಇಳಿಸಬೇಕು. ಹಿಂದೆ ಜಾರಿದರೆ ಕ್ಲಚ್ ಇನ್ನೂ ಕಚ್ಚಿಲ್ಲ, ಆಫ್ ಆದರೆ ಅವಸರಪಟ್ಟು ಬಿಟ್ಟಿದ್ದಾಳೆ. ಒದ್ದೆ ರಸ್ತೆಯಲ್ಲಿ ಒಂದು ಸಲವೂ ಹಿಂದೆ ಜಾರದೆ ಎತ್ತುವವರೆಗೆ ಸಂಪಾಜೆ, ಮಾಕುಟ್ಟ ಎರಡೂ ಘಾಟ್ ರಸ್ತೆ ಬೇಡ.

ಇಳಿಜಾರಿಗೆ ಹತ್ತುವಾಗ ಯಾವ ಗೇರೋ ಇಳಿಯುವಾಗಲೂ ಅದೇ. ನ್ಯೂಟ್ರಲ್ ಬೇಡವೇ ಬೇಡ. ಉದ್ದಕ್ಕೂ ಬ್ರೇಕ್ ಒತ್ತಿಕೊಂಡೇ ಇಳಿದರೆ ಲೈನರ್ ಕಾದು ಹಿಡಿತ ಹೋಗುತ್ತೆ, ಸುಟ್ಟ ವಾಸನೆಯೇ ಎಚ್ಚರಿಕೆ. ಹಳೇ ಜೀಪಿನ ಡ್ರಮ್ ಬ್ರೇಕ್ ನೀರು ಹಾಯ್ದ ಮೇಲೆ ಹಿಡಿಯುವುದಿಲ್ಲ, ಸ್ವಲ್ಪ ದೂರ ಬ್ರೇಕನ್ನು ಮೆಲ್ಲಗೆ ಒತ್ತುತ್ತಾ ಹೋಗಿ ಒಣಗಿಸಬೇಕು. ಟಾರು ಸಿಕ್ಕ ಕೂಡಲೇ ಫೋರ್‌ವೀಲ್ ತೆಗೆಯಬೇಕು, ಇಲ್ಲದಿದ್ದರೆ ತಿರುವಿನಲ್ಲಿ ಬಿಗಿದುಕೊಂಡು ಗೇರ್‌ಬಾಕ್ಸ್‌ಗೇ ಪೆಟ್ಟು. ಮಂಜಿಗೆ ಹೈ ಬೀಮ್ ಬೇಡ. ಕಿರಿದಾದ ಕಡೆ ಏರು ಹತ್ತುವ ಗಾಡಿಗೆ ಮೊದಲು ದಾರಿ. ಇದು ನಿಯಮ, ಆದರೂ ಪ್ರವಾಸಿಗರು ಬಿಡುತ್ತಾರೆ ಅಂತ ನಂಬಬೇಡಿ ಅಂತ ಹೇಳಿಕೊಡಿ.

ಪೊನ್ನಂಪೇಟೆ_ತೋಟ:
ಸರಿ, ಕಣದಿಂದಲೇ ಶುರು. ಇನ್ನೊಂದು: ಆಧಾರ್‌ನಲ್ಲಿ ಮನೆಪೆದ (ಮನೆತನದ ಹೆಸರು) ಪೂರ್ತಿ ಇದೆ, ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಬರೀ ಇನಿಶಿಯಲ್. ತೊಂದರೆಯಾ?

ವಿರಾಜಪೇಟೆ_ಅಕ್ಕ:
ಆಗುತ್ತೆ. ಕೊಡಗಿನಲ್ಲಿ ಇದು ಮನೆಮನೆ ಕಥೆ. ಜನರಲ್ ಕಾರ್ಯಪ್ಪನವರ ಕೆ.ಎಂ. ಅಂದರೆ ಕೊಡಂದೇರ ಮಾದಪ್ಪ ಅಂತ ನಮಗೆ ಗೊತ್ತು, ಕಂಪ್ಯೂಟರಿಗೆ ಗೊತ್ತಿಲ್ಲ. ಆಧಾರ್ ಮೂಲಕ ಹೋದರೆ ಲೈಸೆನ್ಸಿಗೆ ಹೆಸರು ಅಲ್ಲಿಂದಲೇ ಬರುತ್ತೆ. ಪ್ಯಾನ್ ಅರ್ಜಿಯಲ್ಲಿ ಹೆಸರಿನ ಜಾಗಕ್ಕೆ ಬರೀ ಇನಿಶಿಯಲ್ ನಡೆಯುವುದಿಲ್ಲ, ಬಿಡಿಸಿ ಬರೆಯಬೇಕು. ಹಾಗಾಗಿ ಆಧಾರ್‌ನ ಪೂರ್ತಿ ಹೆಸರನ್ನೇ ಎಲ್ಲ ಕಡೆ ಇಡಿ. ಆಧಾರ್‌ನಲ್ಲಿ ಹೆಸರು ಬದಲಿಸಲು ಜೀವಮಾನಕ್ಕೆ ಎರಡೇ ಅವಕಾಶ, ಸುಮ್ಮನೆ ಖರ್ಚು ಮಾಡಬೇಡಿ. ಚಿಕ್ಕವಳಿದ್ದಾಗ ಮಾಡಿಸಿದ ಪ್ಯಾನ್ ಇದ್ದರೆ ಅದರಲ್ಲಿ ಫೋಟೋ, ಸಹಿ ಇರಲ್ಲ. ಸೇರಿಸಲು ಅರ್ಜಿ ಹಾಕಿ. ಬ್ಯಾಂಕಿನ ಮೈನರ್ ಖಾತೆಗೂ ಅವಳೇ ಹೋಗಿ ಹೊಸ ಸಹಿ ಕೊಡಬೇಕು. ಆ ಸಹಿ ಪ್ಯಾನ್‌ನಲ್ಲಿ ಹಾಕಿದ ಹಾಗೆಯೇ ಇರಲಿ.